‘ಏನಂದ?’ ಎಂದು ಕೇಳುವ ಮಕ್ಕಳ ಪರವಾಗಿ

ಥಿಯೇಟರಿನಲ್ಲಿ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ನಗುವ ಮಕ್ಕಳನ್ನು ನೀವು ನೋಡಿದ್ದೀರಿ. ತೆರೆಯ ಮೇಲೆ ಮುಖವಾಡದ ಹುಡುಗ ಏನೋ ಚೇಷ್ಟೆಯ ಮಾತಾಡುತ್ತಾನೆ, ಮುಂದಿನ ಸಾಲುಗಳಲ್ಲಿ ನಗು ಏಳುತ್ತದೆ. ಈ ಮಗು ಮಾತ್ರ ಮೊದಲು ಅಪ್ಪನ ಮುಖ ನೋಡುತ್ತದೆ, ಆಮೇಲೆ ಅಕ್ಕಪಕ್ಕದವರ ಮುಖ ನೋಡುತ್ತದೆ, ನಗಬೇಕಾದ ಹೊತ್ತು ಇದೇ ಎಂದು ಖಾತ್ರಿ ಮಾಡಿಕೊಂಡು ತಾನೂ ನಗುತ್ತದೆ. ‘ಏನಂದ?’ ಎಂದು ಅಪ್ಪನ ಅಂಗಿ ಜಗ್ಗುತ್ತದೆ. ಅಪ್ಪ ಒಂದು ಸಲ ಬಿಡಿಸಿ ಹೇಳುತ್ತಾನೆ, ಎರಡನೆಯ ಸಲ ಅರ್ಧ ಹೇಳುತ್ತಾನೆ, ಮೂರನೆಯ ಸಲ ‘ಸುಮ್ನೆ ನೋಡು’ ಅನ್ನುತ್ತಾನೆ. ಮಗು ಸುಮ್ಮನೆ ನೋಡುವುದನ್ನು ಕಲಿಯುತ್ತದೆ. ಬಳ್ಳಾರಿಯಲ್ಲಿ ಸಿನಿಮಾ ನೋಡುವ ನಮಗೆಲ್ಲ ಈ ಮಗು ಗೊತ್ತು. ನಮ್ಮ ಮನೆಯದೇ ಇರಬಹುದು, ಅಣ್ಣನ ಮನೆಯದಿರಬಹುದು, ರಜೆಗೆಂದು ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಸ್ಸು ಹತ್ತಿ ಬಂದದ್ದಿರಬಹುದು. ಗೊತ್ತಿದ್ದೂ ನಾವು ಅದರ ಕಡೆ ತಿರುಗಿ ನೋಡುವುದಿಲ್ಲ. ಆ ಮಗುವಿನ ಪರವಾಗಿ ನಿಮ್ಮಲ್ಲಿ ಬೇಡಿಕೊಳ್ಳುವುದಕ್ಕಾಗಿ ಈ ಬರಹ.

ಸಿನಿಮಾ ವಿಮರ್ಶೆ ನನ್ನ ಕಸುಬಲ್ಲ. ಬಿಡುವಿದ್ದಾಗ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿ, ಹೊಡೆದಾಟದ ಚಿತ್ರವೋ ಸೂಪರ್‌ಹೀರೋ ಚಿತ್ರವೋ ಆನಿಮೇಷನ್ನೋ, ಬಂದದ್ದನ್ನು ಖುಷಿಯಿಂದ ನೋಡಿ ಬರುವ ಸಾಮಾನ್ಯ ಪ್ರೇಕ್ಷಕರಲ್ಲಿ ನಾನೂ ಒಬ್ಬ. ಈ ಚಿತ್ರಗಳನ್ನು ಹೀಗಳೆಯುವ ಹಿರಿಯರ ಜೊತೆ ನಾನು ದನಿಗೂಡಿಸಲಾರೆ. ಇವು ಬರೀ ಗದ್ದಲ, ಬರೀ ಹೊಡೆದಾಟ ಎಂದು ಅವರು ಹೇಳುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಇವುಗಳಲ್ಲಿ ಒಳ್ಳೆಯವು ನಿಜಕ್ಕೂ ಒಳ್ಳೆಯವು, ಮಕ್ಕಳ ಮನಸ್ಸಿಗೆ ಬೇಕಾದ ಭಯ, ಧೈರ್ಯ, ಅಗಲಿಕೆ, ಕ್ಷಮೆ ಎಲ್ಲವೂ ಅವುಗಳಲ್ಲಿವೆ. ಆದರೆ ಅವು ಇರುವುದು ಮಾತಿನಲ್ಲಿ. ಹಾರುವುದು, ಜಿಗಿಯುವುದು, ಗುದ್ದುವುದು ಯಾವ ಭಾಷೆಯ ಹಂಗೂ ಇಲ್ಲದೆ ಕಣ್ಣಿಗೆ ದಾಟುತ್ತದೆ. ಯಾಕೆ ಗುದ್ದಿದ, ಗುದ್ದಿದ ಮೇಲೆ ಏನು ನೊಂದ, ಗುದ್ದಬಾರದಿತ್ತು ಎಂದು ಯಾರ ಮುಂದೆ ಅತ್ತ ಎಂಬುದು ಮಾತಿಲ್ಲದೆ ದಾಟುವುದಿಲ್ಲ. ಮಾತು ತಲುಪದ ಕಡೆ ಏಟು ಒಂದೇ ತಲುಪುತ್ತದೆ. ನನ್ನ ನೋವೆಲ್ಲ ಇಷ್ಟೇ, ಇದನ್ನೇ ನಾನು ಮತ್ತೆ ಮತ್ತೆ ಹೇಳಬೇಕಾಗಿದೆ.

2024ರ ಡಿಸೆಂಬರಿನಲ್ಲಿ ಬಂದ ‘ಮುಫಾಸಾ’ ಚಿತ್ರವನ್ನೇ ನೆನೆಯಿರಿ. ಪ್ರವಾಹಕ್ಕೆ ಸಿಕ್ಕಿ ತಾಯಿತಂದೆಯಿಂದ ದೂರವಾದ ಸಿಂಹದ ಮರಿಯೊಂದು ಕಾಣದ ನಾಡಿಗೆ ತೇಲಿಹೋಗಿ, ಬೇರೆಯವರ ಮನೆಯಲ್ಲಿ ಒಡಹುಟ್ಟಿದವನಂತೆ ಬೆಳೆಯುವ ಕಥೆ ಅದು. 2009ರ ಅಕ್ಟೋಬರಿನ ನೆರೆಯನ್ನು ಕಂಡ ಸಿರುಗುಪ್ಪ ಸೀಮೆಯಲ್ಲಿ, ಹಗರಿಯೂ ತುಂಗಭದ್ರೆಯೂ ಉಕ್ಕಿ ಬಂದ ಆ ದಿನಗಳನ್ನು ಅಜ್ಜಿಯರು ಇನ್ನೂ ಹೇಳುವ ಊರುಗಳಲ್ಲಿ, ಈ ಕಥೆಗಿಂತ ಹತ್ತಿರದ ಕಥೆ ಇನ್ನಾವುದಿದ್ದೀತು? ಆ ಚಿತ್ರ ಭಾರತಕ್ಕೆ ಇಂಗ್ಲಿಷಿನಲ್ಲಿ ಬಂತು, ಹಿಂದಿಯಲ್ಲಿ ಬಂತು, ತಮಿಳಿನಲ್ಲಿ ಬಂತು, ತೆಲುಗಿನಲ್ಲಿ ಬಂತು. ಹಿಂದಿಯ ಮುಫಾಸನಿಗೆ ಶಾರುಖ್ ಖಾನ್ ದನಿ ಕೊಟ್ಟರು, ತೆಲುಗಿನ ಮುಫಾಸನಿಗೆ ಮಹೇಶ್ ಬಾಬು ದನಿ ಕೊಟ್ಟರು. ಕನ್ನಡದ ಮುಫಾಸನಿಗೆ ದನಿಯೇ ಇರಲಿಲ್ಲ. ನಮ್ಮ ಮಕ್ಕಳು ಸಿಂಹ ಓಡುವುದನ್ನು ನೋಡಿದರು, ಸಿಂಹಗಳು ಕಾದಾಡುವುದನ್ನು ನೋಡಿದರು. ಒಡಹುಟ್ಟಿದವನೆಂದು ನಂಬಿದವನೇ ಯಾಕೆ ಹಗೆಯಾದ, ಆ ಹಗೆಯ ಬೇರು ಎಲ್ಲಿತ್ತು ಎಂಬುದು ಅವರ ತಲೆಯ ಮೇಲಿಂದ ಹಾದುಹೋಯಿತು.

2025ರ ಸೆಪ್ಟೆಂಬರಿನಲ್ಲಿ ಜಪಾನಿನ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಬಂದಾಗ ಹೈಸ್ಕೂಲು ಹುಡುಗರು ತಂಡ ಕಟ್ಟಿಕೊಂಡು ನೋಡಿದರು. ಕತ್ತಿಗಳ ಮಿಂಚು, ಉರುಳುವ ಕೋಟೆ, ತಿರುಗುಮುರುಗಾಗುವ ಮೆಟ್ಟಿಲು, ಕಣ್ಣು ಕೋರೈಸುವ ಚಿತ್ರ ಅದು. ಆದರೆ ಅದರ ಜೀವ ಇರುವುದು ಕತ್ತಿಯಲ್ಲಲ್ಲ. ಎದುರಿಗೆ ನಿಂತ ರಾಕ್ಷಸ ಒಂದು ಕಾಲದಲ್ಲಿ, ಕಾಯಿಲೆಯ ತಂದೆಗೆ ಔಷಧಿ ತರಲೆಂದು ಕಳ್ಳತನಕ್ಕಿಳಿದ ಬಡ ಹುಡುಗನಾಗಿದ್ದ ಎಂದು ಚಿತ್ರ ಹೋರಾಟವನ್ನು ಅರ್ಧಕ್ಕೆ ನಿಲ್ಲಿಸಿ ಹೇಳುತ್ತದೆ. ಆ ಹುಡುಗನಿಗೆ ಒಬ್ಬ ಗುರು ಸಿಕ್ಕಿದ, ಪ್ರೀತಿಸುವ ಹುಡುಗಿ ಸಿಕ್ಕಿದಳು, ಅವರನ್ನೂ ಲೋಕ ಕಿತ್ತುಕೊಂಡಿತು, ಆಮೇಲೆ ಅವನು ರಾಕ್ಷಸನಾದ. ರಾಕ್ಷಸನನ್ನು ಕೊಲ್ಲುವ ಮೊದಲು ಅವನಿಗಾಗಿ ಒಂದು ಹನಿ ಕಣ್ಣೀರು ಹಾಕಿಸುವ ಚಿತ್ರ. ಅದನ್ನು ಜಪಾನಿ ಅಲ್ಲದೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ನೋಡಬಹುದಿತ್ತು. ಅರ್ಥವಾದವರು ಅತ್ತರು. ಅರ್ಥವಾಗದ ನಮ್ಮ ಹುಡುಗರು ‘ಯಾವಾಗ ಫೈಟು ಶುರುವಾಗ್ತದೆ’ ಎಂದು ಕಾದರು. ಆ ಹುಡುಗರು ಕಲ್ಲುಮನಸ್ಸಿನವರಲ್ಲ, ಅಳಲು ಬೇಕಾದ ಮಾತು ಅವರಿಗೆ ತಲುಪಲಿಲ್ಲ. ಮಾತು ತಲುಪದ ಕಡೆ ಏಟು ಒಂದೇ ತಲುಪುತ್ತದೆ.

ನಮ್ಮ ಮಕ್ಕಳು ಒರಟಾಗುತ್ತಿದ್ದಾರೆ, ಸಿನಿಮಾ ನೋಡಿ ಕೆಡುತ್ತಿದ್ದಾರೆ, ಮನೆಗೆ ಬಂದರೆ ಬರೀ ಗುದ್ದಾಟ ಎಂದು ಕೊರಗುವ ತಾಯಂದಿರೇ, ಮೇಷ್ಟ್ರೇ, ನಿಮ್ಮ ಕೊರಗು ನಿಜ. ಆದರೆ ಅವರಿಗೆ ನಾವು ಕೊಟ್ಟಿದ್ದೇನು ಎಂದು ಒಮ್ಮೆ ನೋಡಿ. ಮದುವೆ ಮನೆಯ ಕಿಟಕಿಯಿಂದ ಒಳಗೆ ಇಣುಕುವ ಮಗುವಿನ ಹಾಗೆ ಅವರನ್ನು ಹೊರಗೇ ನಿಲ್ಲಿಸಿ, ದೀಪ ಕಾಣಿಸಿ, ಬಣ್ಣ ಕಾಣಿಸಿ, ಒಳಗಿನ ಮಾತು ಕೇಳದಂತೆ ಗಾಜು ಎಳೆದಿದ್ದೇವೆ. ಅವರು ಕಂಡಷ್ಟನ್ನು ಕಲಿತರು.

ಹಾಗೆಂದು ಬಾಗಿಲು ಯಾವತ್ತೂ ಮುಚ್ಚಿಯೇ ಇತ್ತೆಂದು ಹೇಳಿದರೆ ಅದು ಪೂರ್ತಿ ಸತ್ಯವಾಗುವುದಿಲ್ಲ. ಬೇರೆ ಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗಬಾರದೆಂಬ ಹೋರಾಟ 1960ರ ದಶಕದಲ್ಲಿ ಎದ್ದಿತು. ಆಗ ಕನ್ನಡ ಚಿತ್ರರಂಗ ಇನ್ನೂ ಎಳೆಯದು, ಥಿಯೇಟರು ಸಿಗುತ್ತಿರಲಿಲ್ಲ, ಕಲಾವಿದರ ಕೈಗೆ ಕೆಲಸವಿರಲಿಲ್ಲ. ಅನಕೃ ಅವರಂಥ ದೊಡ್ಡವರು, ಆಮೇಲೆ ಡಾ. ರಾಜ್‌ಕುಮಾರ್ ಅವರಂಥ ನಾಡಿನ ಕಣ್ಮಣಿಗಳು ನಿಂತ ಹೋರಾಟವದು. ಅವರ ಉದ್ದೇಶವನ್ನು ನಾನು ಅನುಮಾನಿಸಲಾರೆ, ಆ ಹೋರಾಟದಿಂದ ಕನ್ನಡ ಚಿತ್ರರಂಗ ಉಳಿಯಿತೆಂದು ನಂಬುವವರೊಂದಿಗೆ ಜಗಳವನ್ನೂ ಆಡಲಾರೆ. ಆದರೆ ಕಾನೂನು ಎಂದೂ ಹೇಳದ ಆ ಕಟ್ಟಳೆ ಐವತ್ತು ವರ್ಷ ಉಳಿದುಬಿಟ್ಟಿತು. ಹೊತ್ತು ಬದಲಾದರೂ ಕಟ್ಟಳೆ ಬದಲಾಗಲಿಲ್ಲ. ನಡುವೆ ಹುಟ್ಟಿ ಬೆಳೆದ ಮಕ್ಕಳನ್ನು ಯಾರೂ ಕೇಳಲಿಲ್ಲ. 2009ರಲ್ಲಿ ‘ಅವತಾರ್’ ಹಿಂದಿ, ತಮಿಳು, ತೆಲುಗು ಮಾತಾಡಿತು, ಕನ್ನಡ ಮಾತಾಡಲಿಲ್ಲ. 2012ರಲ್ಲಿ ‘ಸತ್ಯಮೇವ ಜಯತೆ’ ಎಂಬ ಟಿವಿ ಕಾರ್ಯಕ್ರಮ ಕನ್ನಡದಲ್ಲಿ ಬರುವುದಕ್ಕೂ ವಿರೋಧ ಬಂತು. ಕೊನೆಗೆ ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ, ಡಬ್ಬಿಂಗ್ ತಡೆಯುವುದು ತಪ್ಪೆಂದು ಆದೇಶಿಸಿ ದಂಡ ಹಾಕಿತು. 2017ರಲ್ಲಿ ತಮಿಳಿನ ‘ಎನ್ನೈ ಅರಿಂದಾಲ್’ ಚಿತ್ರ ‘ಸತ್ಯದೇವ್ ಐಪಿಎಸ್’ ಆಗಿ ಕನ್ನಡದಲ್ಲಿ ಬಂತು. ಬಾಗಿಲು ತೆರೆಯಿತು.

ಆಮೇಲೆ ಏನಾಯಿತು ಎಂಬುದು ನನ್ನನ್ನು ಇನ್ನೂ ಹೆಚ್ಚು ನೋಯಿಸುತ್ತದೆ. ಮಾರ್ವೆಲ್‌ನ ‘ಇಟರ್ನಲ್ಸ್’ 2021ರಲ್ಲಿ ಕನ್ನಡದಲ್ಲೂ ಬಂತು. 2022ರಲ್ಲಿ ‘ಡಾಕ್ಟರ್ ಸ್ಟ್ರೇಂಜ್’ನ ಎರಡನೆಯ ಭಾಗ ಕನ್ನಡದಲ್ಲೂ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ‘ಅವತಾರ್: ದ ವೇ ಆಫ್ ವಾಟರ್’ ಕನ್ನಡದಲ್ಲೂ ಬಂತು. 2023ರ ಜೂನಿನಲ್ಲಿ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಇಂಗ್ಲಿಷ್ ಬಿಟ್ಟು ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂದಾಗ ಅದರಲ್ಲಿ ನಮ್ಮದೂ ಒಂದಾಗಿತ್ತು. ಪವಿತ್ರ್ ಪ್ರಭಾಕರ್ ಎಂಬ ಭಾರತದ ಹುಡುಗ ಅದರಲ್ಲಿ ಜೇಡರ ಬಲೆ ಎಸೆಯುತ್ತಾನೆ. ಬೇರೆ ಲೋಕಗಳಿಗೆ ಹಾರಲು ಹೊರಟ ಕಥಾನಾಯಕ ಮೈಲ್ಸ್‌ನನ್ನು ಅವನ ತಾಯಿ ತಡೆದು ನಿಲ್ಲಿಸಿ, ನಿನ್ನೊಳಗಿನ ನನ್ನ ಪುಟ್ಟ ಮಗುವನ್ನು ಜೋಪಾನ ಮಾಡು ಎಂಬರ್ಥದ ಮಾತಾಡುವ ದೃಶ್ಯವೊಂದಿದೆ. ಇತ್ತೀಚಿನ ಸೂಪರ್‌ಹೀರೋ ಚಿತ್ರಗಳಲ್ಲಿ ಅದಕ್ಕಿಂತ ಮೆತ್ತಗಿನ ದೃಶ್ಯವನ್ನು ನಾನು ಕಂಡಿಲ್ಲ. ಅದನ್ನು ಕನ್ನಡದಲ್ಲಿ ಕೇಳುವ ಅವಕಾಶ ನಮ್ಮ ಮಕ್ಕಳಿಗಿತ್ತು. ನಾವು ಎಷ್ಟು ಜನ ಹೋದೆವು? ಕನ್ನಡದ ಶೋ ಎಲ್ಲಿದೆ ಎಂದು ಎಷ್ಟು ಜನ ಹುಡುಕಿದೆವು? ಇದ್ದರೆ ಟಿಕೆಟ್ ತೆಗೆದುಕೊಂಡೆವೆ, ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿದೆವೆ? ನಾವು ಕೇಳಲಿಲ್ಲ. ಕೇಳದವರಿಗೆ ಯಾರು ಕೊಡುತ್ತಾರೆ? 2024ರ ಜುಲೈನಲ್ಲಿ ‘ಡೆಡ್‌ಪೂಲ್ ಅಂಡ್ ವುಲ್ವರಿನ್’ ಬರುವ ಹೊತ್ತಿಗೆ ಪಟ್ಟಿ ಮತ್ತೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿಗೆ ಇಳಿದಿತ್ತು. (ಅದು ‘ಎ’ ಪ್ರಮಾಣಪತ್ರದ ಚಿತ್ರ, ಹದಿನೆಂಟು ತುಂಬದ ಮಕ್ಕಳಿಗಲ್ಲ. ಗೊಂಬೆ ಅಂಗಡಿಯಲ್ಲಿ ಆ ಮುಖವಾಡ ಮಾರುತ್ತಾರೆಂದು ಮಕ್ಕಳನ್ನು ಅದಕ್ಕೆ ಕರೆದೊಯ್ಯಬೇಡಿ ಎಂದೂ ಕೈಮುಗಿದು ಹೇಳುತ್ತೇನೆ.) ಅದೇ ವರ್ಷದ ಕೊನೆಗೆ ಬಂದ ಮುಫಾಸನೂ ಅದೇ ನಾಲ್ಕು ಭಾಷೆ ಆಡಿದ. ತೆರೆದ ಬಾಗಿಲನ್ನು ಸರ್ಕಾರ ಮುಚ್ಚಿಸಲಿಲ್ಲ, ಚಳವಳಿ ಮುಚ್ಚಿಸಲಿಲ್ಲ, ನಮ್ಮ ಮೌನವೇ ಸಾಕಾಯಿತು.

ಮಗು ಕೇಳಿ ಕೇಳಿ ಸೋತಿದೆ. ಇನ್ನು ನೀವು ಕೇಳಬೇಕು.

‘ನಮ್ಮ ಬಳ್ಳಾರಿಯಲ್ಲಿ ಎಲ್ಲರಿಗೂ ತೆಲುಗು ಬರ್ತದಲ್ಲ’ ಎಂದು ನೀವು ಹೇಳುವುದು ನನಗೆ ಕೇಳಿಸುತ್ತಿದೆ. ಬರುತ್ತದೆ, ನಿಜ. ತೆಲುಗು ನಮಗೆ ಪರಕೀಯವಲ್ಲ. ಬಳ್ಳಾರಿ ರಾಘವರು ಆ ಭಾಷೆಯಲ್ಲೂ ಕನ್ನಡದಲ್ಲೂ ರಂಗ ಬೆಳಗಿದವರು, ಅವರ ಹೆಸರಿನ ಕಲಾಮಂದಿರ ನಮ್ಮೂರ ಹೆಮ್ಮೆ. ಈ ಊರಿನ ಎಷ್ಟೋ ಮನೆಗಳ ಮಾತು ತೆಲುಗು, ಎಷ್ಟೋ ಮನೆಗಳದು ಉರ್ದು, ತಾಂಡಾಗಳದು ಲಂಬಾಣಿ. ತೆಲುಗು ಮನೆಯ ಮಗು ತೆಲುಗಿನಲ್ಲಿ ಸಿನಿಮಾ ನೋಡಿ ನಗುವಾಗ ನನಗೂ ಸಂತೋಷವೇ, ಆ ನಗು ತಡವಾಗುವುದಿಲ್ಲ. ನಾನು ಹೇಳುತ್ತಿರುವುದು ಎಲ್ಲರ ಮಾತನ್ನಲ್ಲ. ಪೇಟೆಯಲ್ಲಿ ನಾಲ್ಕು ಭಾಷೆ ಕಲಿತ ನಿಮ್ಮ ನನ್ನ ಮಾತನ್ನೂ ಅಲ್ಲ. ಎಮ್ಮಿಗನೂರಿನ, ತೆಕ್ಕಲಕೋಟೆಯ, ಹಚ್ಚೊಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಕಲಿಯುವ, ಭತ್ತದ ಗದ್ದೆಯಿಂದ ಬಂದ ಅಪ್ಪನಿಗೂ ಮನೆಯಲ್ಲೇ ಹೊಲಿಗೆ ಮಷಿನ್ ತುಳಿದು ಜೀನ್ಸ್ ಹೊಲಿಯುವ ಅವ್ವನಿಗೂ ಕನ್ನಡ ಬಿಟ್ಟು ಬೇರೆ ಮಾತು ಗೊತ್ತಿಲ್ಲದ ಮಗುವಿನ ಮಾತು ನಾನು ಹೇಳುತ್ತಿರುವುದು. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಬಸ್ಸಿನಲ್ಲಿ ನಿಂತು ಬಂದು, ಟಿಕೆಟ್ಟಿಗೆಂದು ಅವ್ವ ಸೀರೆ ಸೆರಗಿನಲ್ಲಿ ಗಂಟು ಹಾಕಿಟ್ಟ ದುಡ್ಡು ಕೊಟ್ಟು, ಮಿರ್ಚಿ ಮಂಡಕ್ಕಿ ತಿಂದು ಒಳಗೆ ಹೋಗಿ ಕೂತ ಆ ಮಗುವಿಗೆ, ಆ ಅವ್ವನಿಗೆ, ಎರಡೂವರೆ ಗಂಟೆ ಹೊತ್ತು ತೆರೆಯ ಮೇಲಿನವರಲ್ಲಿ ಒಬ್ಬರಾದರೂ ಅವರ ಮಾತಿನಲ್ಲಿ ಮಾತಾಡಬೇಡವೆ? ಅವ್ವನಿಗೆ ತಿಳಿಯದ್ದನ್ನು ಮಗು ಅವ್ವನ ಬಳಿ ಕೇಳಲೂ ಆಗುವುದಿಲ್ಲ. ‘ಏನಂದ?’ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಹೇಳುವ ಅಪ್ಪನೂ ಇಲ್ಲ.

ಇನ್ನೊಂದು ಮಾತು ನನಗೆ ಭಯ ಹುಟ್ಟಿಸುತ್ತದೆ. ಅರ್ಥವಾಗದಿದ್ದರೂ ಮಕ್ಕಳು ಕಲಿತುಬಿಡುತ್ತಾರೆ ಎನ್ನುತ್ತೀರಿ. ಹೌದು, ಮೂರು ಸಿನಿಮಾ ಕಳೆದ ಮೇಲೆ ಸ್ವಲ್ಪ ತೆಲುಗು, ಸ್ವಲ್ಪ ಹಿಂದಿ ಕಲಿಯುತ್ತಾರೆ, ಭಾಷೆ ಕಲಿತರೆ ಒಳ್ಳೆಯದೇ. ಆದರೆ ಅದರ ಜೊತೆಗೆ ಯಾರೂ ಕಲಿಸದ ಒಂದು ಪಾಠವನ್ನೂ ಕಲಿಯುತ್ತಾರೆ. ಹಾರುವವರು ಕನ್ನಡ ಮಾತಾಡುವುದಿಲ್ಲ. ಲೋಕ ಉಳಿಸುವವರು ಕನ್ನಡ ಮಾತಾಡುವುದಿಲ್ಲ. ಮಾತಾಡುವ ಸಿಂಹಗಳಿಗೆ, ನಗುವ ಮೀನುಗಳಿಗೆ, ನಕ್ಷತ್ರಗಳಿಂದ ಇಳಿದು ಬಂದವರಿಗೆ ಎಲ್ಲ ಭಾಷೆ ಬರುತ್ತದೆ, ಅವ್ವನ ಭಾಷೆ ಮಾತ್ರ ಬರುವುದಿಲ್ಲ. ಏಳು ವರ್ಷದ ಮಗು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆಟವಾಡುವಾಗ ನೋಡಿ. ಟವೆಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ಕಟ್ಟೆಯಿಂದ ಹಾರುವ ಹುಡುಗ ಹೀರೋ ಆದಾಗ ತನಗೆ ಗೊತ್ತಿರುವ ಮುರುಕು ಹಿಂದಿಯಲ್ಲೋ ತೆಲುಗಿನಲ್ಲೋ ಗರ್ಜಿಸುತ್ತಾನೆ, ಬಿದ್ದು ಮೊಣಕಾಲು ತರಚಿದಾಗ ಕನ್ನಡದಲ್ಲಿ ಅಳುತ್ತಾನೆ. ಆ ಆಟವನ್ನು ನಮ್ಮ ಓಣಿಗಳಲ್ಲಿ ನೀವೂ ಕಂಡಿದ್ದೀರಿ. ಕಂಡು ನಕ್ಕು ಮುಂದೆ ಹೋಗಿದ್ದೀರಿ.

ಬೆರಗು ನಮ್ಮ ಮಾತಿನಲ್ಲಿ ಆಗುವಂಥದ್ದಲ್ಲ ಎಂದು ನಮ್ಮ ಹಿರಿಯರು ಎಂದೂ ಒಪ್ಪಿರಲಿಲ್ಲ. ಈ ಸೀಮೆಯ ಬಯಲಾಟವನ್ನು ನೆನೆಯಿರಿ. ರಾಕ್ಷಸ ರಂಗಕ್ಕೆ ಬರುತ್ತಾನೆ, ಕಿರೀಟ, ಭುಜಕೀರ್ತಿ, ಹಲಗೆ ನಡುಗುವಂತೆ ಕುಣಿತ, ಮಕ್ಕಳು ಹೆದರಿ ಅವ್ವನ ಮಡಿಲು ಹೊಗುತ್ತಾರೆ. ಆಗ ಸಾರಥಿ ಮುಂದೆ ಬಂದು, ತಾವು ಯಾರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ರಾಕ್ಷಸ ತನ್ನ ಹೆಸರು ಹೇಳಬೇಕು, ತನ್ನ ಕಥೆ ಹೇಳಬೇಕು, ತನ್ನ ಸಿಟ್ಟಿಗೆ ಕಾರಣ ಹೇಳಬೇಕು, ಅದೂ ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತ ಮಗುವಿಗೂ ತಿಳಿಯುವ ಮಾತಿನಲ್ಲಿ. ಯುದ್ಧ ಆಮೇಲೆ. ಸಾರಥಿ ಕೇಳುವುದು ತನಗಾಗಿ ಅಲ್ಲ, ಕೇಳಲು ಬಾಯಿಲ್ಲದವರಿಗಾಗಿ. ಇವತ್ತು ಥಿಯೇಟರಿನ ಕತ್ತಲಲ್ಲಿ ‘ಏನಂದ?’ ಎನ್ನುವ ಮಗು ಸಾರಥಿಯನ್ನು ಹುಡುಕುತ್ತಿದೆ.

ತೊಗಲುಗೊಂಬೆಯಾಟವನ್ನೂ ನೆನೆಯಿರಿ. ಬಿಳಿ ಪರದೆ, ಹಿಂದೆ ದೀಪ, ಬಣ್ಣ ಬಳಿದ ತೊಗಲಿನಲ್ಲಿ ಬೆಳಕು ಹಾದು ಹನುಮಂತ ಸಮುದ್ರ ಹಾರುತ್ತಾನೆ. ಆನಿಮೇಷನ್ ಎಂಬುದು ನಮ್ಮ ಊರುಗಳಿಗೆ ಹೊಸದಲ್ಲ, ಸೂಪರ್‌ಹೀರೋ ಕೂಡ ಹೊಸಬನಲ್ಲ. ಗೊಂಬೆ ಆಡಿಸುವ ಕಿಳ್ಳೇಕ್ಯಾತ ಕುಟುಂಬಗಳ ಮನೆಮಾತು ಮರಾಠಿಯ ಒಂದು ಒಳನುಡಿ. ಆದರೂ ಕನ್ನಡದ ಊರಿನಲ್ಲಿ ಪರದೆ ಕಟ್ಟಿದರೆ ಕನ್ನಡದಲ್ಲಿ ಆಡಿಸಿದರು, ತೆಲುಗರ ಊರಿನಲ್ಲಿ ಕಟ್ಟಿದರೆ ತೆಲುಗಿನಲ್ಲಿ ಆಡಿಸಿದರು. ತಮ್ಮ ಗಂಟುಮೂಟೆ ಹೊತ್ತು ಅಲೆದ ಆ ಬಡ ಕಲಾವಿದರು ತಮ್ಮ ಮಾತನ್ನು ಬದಿಗಿಟ್ಟು ನೋಡುವವರ ಮಾತನ್ನು ನಾಲಿಗೆಗೆ ತಂದುಕೊಂಡರು. ಆ ಕಲೆಯನ್ನು ನಮ್ಮ ಕಾಲದಲ್ಲಿ ಬಳ್ಳಾರಿಯಲ್ಲಿ ಉಳಿಸಿ, ಗಾಂಧೀಜಿಯ ಕಥೆಯನ್ನೂ ತೊಗಲಿಗೆ ತಂದು ಮಕ್ಕಳಿಗೆ ತೋರಿಸಿದವರು ಬೆಳಗಲ್ಲು ವೀರಣ್ಣನವರು. 2023ರ ಏಪ್ರಿಲಿನಲ್ಲಿ ರಸ್ತೆ ಅಪಘಾತದಲ್ಲಿ ಅವರನ್ನು ಕಳೆದುಕೊಂಡೆವು. ಎರಡು ತಿಂಗಳಿಗೆ ಸ್ಪೈಡರ್-ಮ್ಯಾನ್ ಕನ್ನಡದಲ್ಲಿ ಬಂದ. ಗೊಂಬೆಗೆ ಕನ್ನಡ ಕಲಿಸಿದ ಹಿರಿಯರ ಊರಿನವರು ನಾವು, ಆ ಕನ್ನಡವನ್ನು ಕಿವಿಗೊಟ್ಟು ಕೇಳುವ ಋಣವಾದರೂ ನಮ್ಮ ಮೇಲಿತ್ತಲ್ಲವೆ?

ಈ ಊರುಗಳು ಕನ್ನಡಕ್ಕೆ ಸುಮ್ಮನೆ ದಕ್ಕಿದವಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಸಿರುಗುಪ್ಪ ಇತ್ತ ಉಳಿಯಿತು. ಆ ಸಂಭ್ರಮದ ಹೊತ್ತಿನಲ್ಲೇ ಪೈಲ್ವಾನ್ ರಂಜಾನ್ ಸಾಬರು ಪ್ರಾಣ ಕೊಟ್ಟರು. ಅವರು ಯಾವ ಭಾಷೆಯ ಮೇಲಿನ ದ್ವೇಷಕ್ಕೂ ಸಾಯಲಿಲ್ಲ, ಈ ನೆಲದ ಮಕ್ಕಳು ತಮ್ಮ ಮಾತಿನಲ್ಲಿ ಓದಲಿ, ಆಡಲಿ, ಬೆಳೆಯಲಿ ಎಂಬ ಆಸೆಯ ದಾರಿಯಲ್ಲಿ ಸತ್ತರು ಎಂದೇ ನಾನು ನಂಬಿದ್ದೇನೆ. ನವೆಂಬರ್ ಬಂದರೆ ನಾವು ಬಾವುಟ ಏರಿಸುತ್ತೇವೆ, ಪೆಂಡಾಲು ಹಾಕುತ್ತೇವೆ, ಅವರ ಹೆಸರು ಹೇಳುತ್ತೇವೆ. ಆ ಪೆಂಡಾಲಿನ ಮುಂದೆ ಕೂತ ಮಕ್ಕಳಿಗೆ ಡಿಸೆಂಬರಿನ ಸಿನಿಮಾ ಯಾವ ಮಾತಿನಲ್ಲಿ ಬರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇನ್ನು ನಮ್ಮವೇ ಚಿತ್ರಗಳ ಗೆಲುವನ್ನು ನೋಡಿ. 2022ರ ಏಪ್ರಿಲಿನಲ್ಲಿ ‘ಕೆಜಿಎಫ್’ ಎರಡನೆಯ ಭಾಗ ಹಿಂದಿ, ತೆಲುಗು, ತಮಿಳು, ಮಲಯಾಳಂ ಮಾತಾಡಿ ದೇಶ ಗೆದ್ದಾಗ ನೀವೂ ಎದೆಯುಬ್ಬಿಸಿದಿರಿ, ನಾನೂ ಉಬ್ಬಿಸಿದೆ. 2025ರ ಅಕ್ಟೋಬರ್ 2ರಂದು ‘ಕಾಂತಾರ’ದ ಹಿಂದಿನ ಕಥೆ ಹಲವು ಭಾಷೆಗಳಲ್ಲಿ ಒಟ್ಟಿಗೇ ತೆರೆಕಂಡಾಗ ಮತ್ತೆ ಉಬ್ಬಿಸಿದೆವು. ಪಾಟ್ನಾದ ಹುಡುಗನಿಗೆ ನಮ್ಮ ಕಥೆ ಅವನ ಮಾತಿನಲ್ಲಿ ಸಿಗಲಿ ಎಂದು ನಮ್ಮ ನಿರ್ಮಾಪಕರು ಪಟ್ಟ ಶ್ರಮ ದೊಡ್ಡದು, ಅದು ಸರಿಯೂ ಹೌದು. ಆ ಹುಡುಗನಿಗೆ ತೋರಿಸಿದ ಅಕ್ಕರೆಯಲ್ಲಿ ಒಂದು ಪಾಲು ಕುರುಗೋಡಿನ ಹುಡುಗನಿಗೂ ಬೇಡವೆ? ಆಗುವುದಿಲ್ಲ ಎನ್ನಬೇಡಿ, ಆಗುತ್ತದೆ. 2022ರಲ್ಲಿ ‘ಆರ್‌ಆರ್‌ಆರ್’ ಚಿತ್ರಕ್ಕೆ ಜೂನಿಯರ್ ಎನ್‌ಟಿಆರ್ ಅವರೇ ಕೂತು ಕನ್ನಡದಲ್ಲಿ ದನಿ ಕೊಟ್ಟರು. ಆದರೂ ಕರ್ನಾಟಕದಲ್ಲಿ ಕನ್ನಡ ಆವೃತ್ತಿಯ ಶೋಗಳೇ ಸಿಗುತ್ತಿಲ್ಲ ಎಂಬ ಕೂಗು ಎದ್ದಿತು. 2024ರ ಸಂಕ್ರಾಂತಿಗೆ ‘ಹನುಮಾನ್’ ಬಂತು, ಅಂಜನಾದ್ರಿ ಎಂಬ ಹೆಸರಿನ ಊರಿನ ಹುಡುಗ ಸೂಪರ್‌ಹೀರೋ ಆಗುವ ತೆಲುಗು ಚಿತ್ರ, ಅದಕ್ಕೂ ಕನ್ನಡ ಆವೃತ್ತಿಯಿತ್ತು. ನಮ್ಮ ಆನೆಗೊಂದಿಯ ಅಂಜನಾದ್ರಿ ಇಲ್ಲಿಂದ ಎಷ್ಟು ದೂರ? 2025ರ ಜುಲೈನಲ್ಲಿ ಹೊಂಬಾಳೆಯವರು ತಂದ ‘ಮಹಾವತಾರ್ ನರಸಿಂಹ’ ಕನ್ನಡದಲ್ಲಿ ಬಂತು. ಅದರಲ್ಲಿ ರಕ್ತ ಸ್ವಲ್ಪ ಹೆಚ್ಚಾಯಿತೆಂದು, ಕೊನೆಯ ಕಾಳಗ ಬೇಗ ಮುಗಿಯಬಹುದಿತ್ತೆಂದು ನನಗನ್ನಿಸಿತು. ಆದರೂ ಆ ಚಿತ್ರಕ್ಕೆ ನಾನು ಋಣಿ. ತುಂಗಭದ್ರೆಯ ದಂಡೆಯ ಮಂತ್ರಾಲಯಕ್ಕೆ ಹೋಗಿಬರುವ ನಮ್ಮ ಮನೆಗಳಲ್ಲಿ ರಾಯರು ಪ್ರಹ್ಲಾದನ ಅವತಾರವೆಂದು ಹೇಳುತ್ತ ಬಂದಿದ್ದಾರೆ. ಆ ಪ್ರಹ್ಲಾದ ತೆರೆಯ ಮೇಲೆ 3ಡಿ ಬಾಲಕನಾಗಿ ತಂದೆಯ ಮುಂದೆ ನಿಂತು, ಹೆದರದೆ, ಕೈ ಎತ್ತದೆ, ಕನ್ನಡದಲ್ಲಿ ಉತ್ತರ ಕೊಟ್ಟ. ಉಗುರು ಬಂದದ್ದು ಕೊನೆಗೆ, ಅದಕ್ಕೂ ಮೊದಲು ಇಡೀ ಕಥೆ ಆ ಪುಟ್ಟ ಬಾಯಿಯ ಮಾತಿನ ಮೇಲೆ ನಿಂತಿತ್ತು. ಮಾತು ತಲುಪಿದರೆ ಮಗು ನರಸಿಂಹನ ಉಗುರನ್ನಷ್ಟೇ ಅಲ್ಲ, ಪ್ರಹ್ಲಾದನ ತಾಳ್ಮೆಯನ್ನೂ ಮನೆಗೆ ತರುತ್ತದೆ.

ಕನ್ನಡ ಡಬ್ಬಿಂಗ್ ಕೇಳಲು ಚೆನ್ನಾಗಿರುವುದಿಲ್ಲ ಎಂಬ ಮಾತಿದೆ. ಕೆಲವೊಮ್ಮೆ ನಿಜವೇ. ಪುಸ್ತಕದಿಂದ ಎದ್ದು ಬಂದಂಥ ಮಾತು, ಯಾವ ಊರಿನವರೂ ಆಡದ ಕನ್ನಡ. ಅದಕ್ಕೆ ಮದ್ದು ದೂರದಲ್ಲಿಲ್ಲ. ಈ ಜಿಲ್ಲೆಯಲ್ಲಿ ಮೈಕಿಲ್ಲದೆ ಸಾವಿರ ಜನಕ್ಕೆ ಕೇಳುವಂತೆ ಮಾತಾಡಬಲ್ಲ ರಂಗದ ಗಂಡುದನಿಗಳಿವೆ, ಸುಭದ್ರಮ್ಮ ಮನ್ಸೂರ್ ಅವರಂಥ ಗಾಯಕ ನಟಿಯ ದಾರಿಯಲ್ಲಿ ಬೆಳೆದ ಹೆಣ್ಣುದನಿಗಳಿವೆ. ವರ್ಷದಲ್ಲಿ ಕೆಲವೇ ತಿಂಗಳು ಕೆಲಸ ಸಿಗುವ ಆ ಕಲಾವಿದರನ್ನು ಮೈಕಿನ ಮುಂದೆ ಕೂರಿಸಿದರೆ ರಾಕ್ಷಸನೂ ಸಿಂಹವೂ ನಮ್ಮ ಮಣ್ಣಿನ ಕನ್ನಡ ಆಡುತ್ತವೆ. ಕೆಟ್ಟದಾಗಿದೆ ಎಂದು ಬಿಟ್ಟು ಬಂದರೆ ಅದು ಕೆಟ್ಟದಾಗಿಯೇ ಉಳಿಯುತ್ತದೆ. ಡಬ್ಬಿಂಗ್ ಬಂದರೆ ನಮ್ಮವೇ ಮಕ್ಕಳ ಚಿತ್ರಗಳಿಗೆ ಜಾಗವಿರುವುದಿಲ್ಲ ಎಂದು ಅಂಜುವ ಚಿತ್ರರಂಗದ ಬಂಧುಗಳಿಗೂ ಒಂದು ಮಾತು: 1993ರ ‘ಚಿನ್ನಾರಿ ಮುತ್ತ’ ಈಗಲೂ ನಮ್ಮ ಮನೆಗಳಲ್ಲಿ ಜೀವಂತವಾಗಿದೆ. 2018ರಲ್ಲಿ ಕಾಸರಗೋಡಿನ ಗಡಿಯ ಕನ್ನಡ ಶಾಲೆಯ ಕಥೆ ಹೇಳಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ಯನ್ನು ಜನ ಮನೆಮಂದಿಯೊಂದಿಗೆ ಬಂದು ನೋಡಿದರು. ಮಕ್ಕಳಿಗಾಗಿ ಮಾಡಿದ್ದನ್ನು ಕನ್ನಡಿಗರು ಕೈಬಿಟ್ಟಿಲ್ಲ. ಆದರೆ ಅಂಥ ಚಿತ್ರಗಳು ವರ್ಷಕ್ಕೆಷ್ಟು ಬರುತ್ತವೆ? ನೀವು ಮಾಡುವವರೆಗೆ ಮಕ್ಕಳು ಕಾಯಲಾರರು, ಅವರ ಬಾಲ್ಯ ಕಾಯುವುದಿಲ್ಲ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ಮೊಬೈಲಿನಲ್ಲಿ ಮಗುವಿಗೆ ಕಾರ್ಟೂನು ಹಾಕಿಕೊಡುವ ಮುನ್ನ ಭಾಷೆಗಳ ಪಟ್ಟಿಯನ್ನು ಕೊನೆಯವರೆಗೆ ಇಳಿಸಿ ನೋಡಿ, ಕನ್ನಡ ಅಲ್ಲಿರಬಹುದು, ಯಾರೂ ಒತ್ತದೆ ಕಾಯುತ್ತಿರಬಹುದು. ಶಾಲೆಯ ಮಕ್ಕಳನ್ನು ಒಟ್ಟಿಗೆ ಸಿನಿಮಾಕ್ಕೆ ಕರೆದೊಯ್ಯುವ ಮೇಷ್ಟ್ರೇ, ಟೀಚರಮ್ಮಂದಿರೇ, ನೂರು ಮಕ್ಕಳ ಪರವಾಗಿ ನೀವು ಕನ್ನಡದ ಶೋ ಕೊಡಿ ಎಂದರೆ ಯಾವ ಥಿಯೇಟರಿನವರೂ ಇಲ್ಲ ಎನ್ನಲಾರರು. ಥಿಯೇಟರು ನಡೆಸುವ ಅಣ್ಣಂದಿರೇ, ನಿಮ್ಮ ಕಷ್ಟ ನನಗೆ ಗೊತ್ತು, ಸೀಟು ತುಂಬದಿದ್ದರೆ ಕರೆಂಟು ಬಿಲ್ಲು ಯಾರೂ ಕಟ್ಟುವುದಿಲ್ಲ. ದಿನವೆಲ್ಲ ಬೇಡ, ಭಾನುವಾರ ಬೆಳಗಿನ ಒಂದು ಆಟ ಮಕ್ಕಳಿಗೆಂದು ಕನ್ನಡದಲ್ಲಿ ಇಡಿ, ತುಂಬಿಸುವ ಹೊಣೆ ನಮ್ಮದು. ಗಾಡಿ ಮೇಲೆ ಎರಡು ಮಕ್ಕಳನ್ನು ಕೂರಿಸಿಕೊಂಡು ಸಿನಿಮಾಕ್ಕೆ ಹೊರಟ ಅಪ್ಪಂದಿರೇ, ನಿಮಗೆ ತೆಲುಗು ಸಲೀಸು, ಹಿಂದಿ ಸಲೀಸು, ನಿಮ್ಮ ಹಿಂದೆ ಕೂತವರಿಗೆ ಯಾವುದು ಸಲೀಸು ಎಂದು ಹೊರಡುವ ಮೊದಲು ಒಮ್ಮೆ ಯೋಚಿಸಿ. ನೀವು ಕೆಟ್ಟವರಲ್ಲ. ಮಗುವಿನ ಕಣ್ಣು ಅರಳುವುದನ್ನು ನೋಡಲೆಂದೇ ಅಷ್ಟು ದುಡ್ಡು ಸುರಿದು ಹೋಗುವವರು ನೀವು. ಕಣ್ಣಿನ ಜೊತೆ ಕಿವಿಗೂ ಇಷ್ಟು ಕೊಡಿ ಎನ್ನುವುದಷ್ಟೇ ನನ್ನ ಬೇಡಿಕೆ.

ಮಗು ಕೇಳಿ ಕೇಳಿ ಸೋತಿದೆ. ಇನ್ನು ನೀವು ಕೇಳಬೇಕು. ಮಾರ್ವೆಲ್‌ನವರ ದೊಡ್ಡ ಚಿತ್ರ ‘ಅವೆಂಜರ್ಸ್: ಡೂಮ್ಸ್‌ಡೇ’ಗೆ 2026ರ ಡಿಸೆಂಬರ್ 18ರ ದಿನ ಘೋಷಣೆಯಾಗಿದೆ. ಯಾವ ಯಾವ ಭಾಷೆಗೆ ಡಬ್ ಮಾಡಬೇಕೆಂದು ಹಂಚುವವರು ತೀರ್ಮಾನಿಸುವುದು ಪೋಸ್ಟರ್ ಹಚ್ಚುವ ದಿನವಲ್ಲ, ಅದಕ್ಕೆ ಎಷ್ಟೋ ಮೊದಲು, ಕಳೆದ ಚಿತ್ರಕ್ಕೆ ಯಾವ ಭಾಷೆಯವರು ಬಂದು ಕೇಳಿದರು ಎಂಬುದನ್ನು ನೋಡಿ. ಹಾಗಾಗಿ ಈ ವಾರ ಯಾವ ಚಿತ್ರವಿದ್ದರೂ ಸರಿ, ಮಕ್ಕಳನ್ನು ಕರೆದುಕೊಂಡು ಹೋದಾಗ ಟಿಕೆಟ್ ಕಿಟಕಿಯ ಮುಂದೆ ಒಂದು ನಿಮಿಷ ನಿಂತು, ಹಿಂದಿನವರಿಗೂ ಕೇಳಿಸುವಂತೆ ಕೇಳಿ, ಕನ್ನಡದ ಶೋ ಎಷ್ಟು ಗಂಟೆಗೆ ಎಂದು.